ಬೆಕ್ಕಿನ ಆಕಾರ, ಆನೆಯ ಚರ್ಮ

ನಾನು ಪಾಠ ಹೇಳುವ ಕಾಲೇಜಿನಲ್ಲಿ ಹಾಜರಿ ಹಾಕುವ ಕೆಲಸವನ್ನು ಈಚೆಗೆ ಒಂದು ಯಂತ್ರಕ್ಕೆ ವಹಿಸಿದ್ದಾರೆ. ಮೊಗಸಾಲೆಯ ಗೋಡೆಗೆ ಅದನ್ನು ತಗುಲಿಸಿದೆ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಅದರ ಮುಂದೆ ನಿಂತು ಮುಖ ತೋರಿಸಬೇಕು. ಗುರುತು ಹತ್ತಿದರೆ ಹಸಿರು ದೀಪ, ಹತ್ತದಿದ್ದರೆ ಕೆಂಪು ದೀಪ. ಒಬ್ಬನ ಹೆಸರಿಗೆ ಇನ್ನೊಬ್ಬ ದನಿಗೊಡುವ ಹಳೆಯ ನಾಟಕಕ್ಕೆ ಇದರಿಂದ ಮಂಗಳ ಹಾಡಿದಂತಾಯಿತೆಂದು ಅಧ್ಯಾಪಕರ ಕೋಣೆಯಲ್ಲಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಹೆಸರು ಕೂಗುವ ಐದು ನಿಮಿಷ ಉಳಿದರೆ ತರಗತಿಯಲ್ಲಿ ಒಂದು ಪದ್ಯವನ್ನು ಹೆಚ್ಚಾಗಿ ಓದಬಹುದೆಂಬ ಆಸೆ ನನ್ನದು.

ಎರಡು ತಿಂಗಳು ಕಳೆದಿರಬಹುದು. ಎರಡನೆಯ ವರ್ಷದ ಬಿ.ಎ. ತರಗತಿಯ ಹುಡುಗಿಯೊಬ್ಬಳು ಬಂದು ಬಾಗಿಲಲ್ಲಿ ನಿಂತಳು. "ಏನಮ್ಮ?" ಎಂದೆ. "ನನಗೆ ಹಾಜರಿ ಸಾಲದಂತೆ ಸರ್. ಪರೀಕ್ಷೆಗೆ ಕೂರಿಸುವುದಿಲ್ಲವಂತೆ" ಎಂದಳು. ನನಗೆ ಆಶ್ಚರ್ಯವಾಯಿತು. ಎರಡನೆಯ ಸಾಲಿನ ಕಿಟಕಿಯ ಪಕ್ಕದ ಆಕೆಯ ಜಾಗ ಖಾಲಿಯಾಗಿದ್ದುದನ್ನು ನಾನು ಕಂಡಿದ್ದೇ ಇಲ್ಲ. ವಿಚಾರಿಸಿದಾಗ ತಿಳಿದ ಸಂಗತಿ ಇಷ್ಟೆ: ಬೆಳಗಿನ ಹೊತ್ತು ಮೊಗಸಾಲೆಯಲ್ಲಿ ಬೆಳಕು ಹಿಂದಿನಿಂದ ಬೀಳುತ್ತದೆ, ಕಪ್ಪು ಬಣ್ಣದ ಆ ಮುಖ ಯಂತ್ರಕ್ಕೆ ಗುರುತು ಹತ್ತುವುದಿಲ್ಲ, ಹಿಂದೆ ನಿಂತವರು ಅವಸರಪಡಿಸುತ್ತಾರೆ, ಎರಡು ಸಲ ಕೆಂಪು ದೀಪ ಕಂಡ ಮೇಲೆ ಈಕೆ ಸುಮ್ಮನೆ ತರಗತಿಗೆ ಬಂದುಬಿಡುತ್ತಾಳೆ. ಕಚೇರಿಗೆ ಕರೆದುಕೊಂಡು ಹೋದೆ. ಗುಮಾಸ್ತರು ಒಳ್ಳೆಯವರು. ಆದರೆ ಅವರ ಉತ್ತರ ಒಂದೇ: "ಸಿಸ್ಟಮ್ ಒಪ್ಪುತ್ತಾ ಇಲ್ಲ ಸರ್. ನಾನೇನು ಮಾಡಲಿ?"

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಕಣ್ಣೆದುರಿಗೆ ನಿಂತ ಹುಡುಗಿಯನ್ನು ಗುಮಾಸ್ತರೂ ಕಂಡರು, ನಾನೂ ಕಂಡೆ. ಆದರೂ ಕಾಗದದ ಮೇಲೆ ಆಕೆ ಇಲ್ಲ. ಏಕೆಂದರೆ, ನೋಡುವ ಅಧಿಕಾರವನ್ನು ನಾವು ಇನ್ನೊಂದು ಕಣ್ಣಿಗೆ ಒಪ್ಪಿಸಿಬಿಟ್ಟಿದ್ದೆವು. ಹಾಗಾದರೆ ಆ ಕಣ್ಣು ಎಂತಹುದು? ಅದು ನೋಡುವುದೆಂದರೆ ಏನು? ಕನ್ನಡ ಪಾಠ ಹೇಳುವವನಿಗೆ ಇದೇಕೆಂದು ಕೆಲವರು ಕೇಳಬಹುದು. ನಿತ್ಯಜೀವನದ ಬಾಗಿಲಿಗೆ ಬಂದು ನಿಂತ ಪ್ರಶ್ನೆಯನ್ನು ನಮ್ಮ ವಿಷಯವಲ್ಲವೆಂದು ವಿಜ್ಞಾನ ವಿಭಾಗಕ್ಕೆ ಕಳುಹಿಸಿಕೊಡುವ ಕಾಲ ಮುಗಿಯಿತೆಂದೇ ನನ್ನ ಭಾವನೆ. ಅದೂ ಅಲ್ಲದೆ, ಈ ಪ್ರಶ್ನೆ ನಮ್ಮ ಭಾಷೆಯಲ್ಲಿಯೇ ಹುದುಗಿದೆ.

ಕನ್ನಡದಲ್ಲಿ ಈ ವ್ಯವಹಾರಕ್ಕೆ ಎರಡು ಧಾತುಗಳುಂಟು: ನೋಡು, ಕಾಣು. 'ನಾನು ನೋಡಿದೆ' ಎನ್ನುವಲ್ಲಿ ನೋಡಿದವನು ಪ್ರಥಮಾ ವಿಭಕ್ತಿಯಲ್ಲಿ ನೆಟ್ಟಗೆ ನಿಂತಿದ್ದಾನೆ. 'ನನಗೆ ಕಂಡಿತು' ಎನ್ನುವಲ್ಲಿ ಕಂಡ ವಸ್ತುವೇ ಕರ್ತೃ. ಕಂಡವನು ಚತುರ್ಥಿಯಲ್ಲಿ ಪಕ್ಕಕ್ಕೆ ಸರಿದು, ಕೊಟ್ಟುದನ್ನು ಸ್ವೀಕರಿಸುವವನಾಗಿದ್ದಾನೆ. 'ನೋಡಿದೆ, ಆದರೆ ಕಾಣಲಿಲ್ಲ' ಎಂಬ ಮಾತು ನಮ್ಮ ಕಿವಿಗೆ ಅಸಂಬದ್ಧವಾಗಿ ಕೇಳಿಸುವುದಿಲ್ಲ. ನೋಟಕ್ಕೂ ಕಾಣ್ಕೆಗೂ ನಡುವೆ ಒಂದು ಕಂದಕವಿದೆಯೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ಆ ಕಂದಕ ಎಷ್ಟು ಆಳವೆಂಬುದು ಮಾತ್ರ ಯಂತ್ರಕ್ಕೆ ನೋಟ ಕಲಿಸಲು ಹೊರಟ ಮೇಲೆಯೇ ಮನುಷ್ಯನಿಗೆ ಅರಿವಾದುದು.

೧೯೬೬ರ ಬೇಸಗೆಯಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಸೈಮೂರ್ ಪೇಪರ್ಟ್ ಎಂಬ ವಿದ್ವಾಂಸರು ಒಂದು ಯೋಜನೆಯನ್ನು ಬರೆದರು. ರಜೆಯಲ್ಲಿ ಕೆಲಸಕ್ಕೆ ದೊರೆತ ವಿದ್ಯಾರ್ಥಿಗಳ ನೆರವಿನಿಂದ, ಕಂಪ್ಯೂಟರಿನ ದೃಷ್ಟಿವ್ಯವಸ್ಥೆಯ ಒಂದು ಮುಖ್ಯಭಾಗವನ್ನು ಆ ಬೇಸಗೆಯಲ್ಲಿಯೇ ಕಟ್ಟಬೇಕೆಂಬುದು ಅದರ ಉದ್ದೇಶ. ಚಿತ್ರದಲ್ಲಿ ವಸ್ತು ಯಾವುದು, ಹಿನ್ನೆಲೆ ಯಾವುದು ಎಂದು ಬೇರ್ಪಡಿಸುವುದು ಮೊದಲ ಹೆಜ್ಜೆ. ವಸ್ತುಗಳನ್ನು ಹೆಸರಿಸುವುದು ಕೊನೆಯ ಹೆಜ್ಜೆ. ಆ ಬೇಸಗೆ ಮುಗಿದು ಅರುವತ್ತು ವರ್ಷಗಳಾಗುತ್ತ ಬಂದರೂ ಆ ಕೆಲಸ ಪೂರ್ತಿಯಾಗಿ ಮುಗಿದಿಲ್ಲ. ಇದರಲ್ಲಿ ಪೇಪರ್ಟರನ್ನು ಹಾಸ್ಯಮಾಡುವಂತಹುದೇನೂ ಇಲ್ಲ. ಚದುರಂಗ ಆಡುವುದು ನಮಗೆ ಕಷ್ಟ. ಆದುದರಿಂದ ಅದು ಯಂತ್ರಕ್ಕೂ ಕಷ್ಟವೆಂದು ನಂಬಿದೆವು. ಅಂಗಳದ ಬೆಕ್ಕನ್ನು ಬೆಕ್ಕೆಂದು ಕಾಣುವುದು ಹಾಲು ಕುಡಿಯುವ ಕೂಸಿಗೂ ಸುಲಭ. ಆದುದರಿಂದ ಅದು ಯಂತ್ರಕ್ಕೂ ಸುಲಭವೆಂದು ನಂಬಿದೆವು. ಎರಡು ನಂಬಿಕೆಗಳೂ ತಲೆಕೆಳಗಾದವು.

ಬೆಕ್ಕಿನ ಮಾತು ಬಂದಿತು. ಈ ಶಾಸ್ತ್ರದ ಕಥೆಯಲ್ಲಿ ಬೆಕ್ಕು ಮತ್ತೆ ಮತ್ತೆ ಅಡ್ಡ ಬರುತ್ತದೆ. ಆದರೆ ಅಪಶಕುನವಾಗಿ ಅಲ್ಲ. ೧೯೫೪ರಲ್ಲಿ ಫ್ರೆಡ್ ಆಟ್‌ನೀವ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಮಲಗಿದ ಬೆಕ್ಕಿನ ಒಂದು ಚಿತ್ರವನ್ನು ಪ್ರಕಟಿಸಿದರು. ಬೆಕ್ಕಿನ ಹೊರರೇಖೆ ಎಲ್ಲೆಲ್ಲಿ ಥಟ್ಟನೆ ತಿರುಗುತ್ತದೆಯೋ ಅಲ್ಲಿ ಒಂದೊಂದು ಚುಕ್ಕೆ ಇಟ್ಟರು. ಒಟ್ಟು ೩೮ ಚುಕ್ಕೆಗಳು. ಅವನ್ನು ಅಳತೆಪಟ್ಟಿಯಿಂದ ನೇರ ಗೆರೆಗಳಲ್ಲಿ ಜೋಡಿಸಿದರು, ಅಷ್ಟೆ. ಮೈಬಣ್ಣವಿಲ್ಲ, ರೋಮವಿಲ್ಲ, ನೆರಳಿಲ್ಲ. ಆದರೂ ಯಾರು ನೋಡಿದರೂ ಅದು ನಿದ್ದೆಮಾಡುವ ಬೆಕ್ಕೇ. ರೇಖೆಯ ಅರ್ಥವೆಲ್ಲ ಅದರ ತಿರುವುಗಳಲ್ಲಿ ಸಾಂದ್ರವಾಗಿರುತ್ತದೆಯೆಂದು ಅವರು ತೋರಿಸಿಕೊಟ್ಟರು.

ನಮ್ಮ ಮುಂಗೈಯಿಂದ ಅಂಗಳದ ಮೇಲೆ ದಿನವೂ ಚುಕ್ಕೆಯಿಟ್ಟು ಗೆರೆಯೆಳೆಯುವ ಹೆಂಗಸರಿಗೆ ಈ ತತ್ತ್ವ ಹೊಸದಲ್ಲ. ಅಕ್ಷರ ಕಲಿಸುವ ಉಪಾಧ್ಯಾಯರಿಗೂ ಹೊಸದಲ್ಲ. 'ದನ' ಎಂದು ಬರೆದು ಮೊದಲ ಅಕ್ಷರದ ಹೊಟ್ಟೆಯಡಿ ಒಂದು ಸಣ್ಣ ಗೀಟು ಸೀಳಿದರೆ ಅದು 'ಧನ'ವಾಗುತ್ತದೆ. ಮಸಿಯ ಲೆಕ್ಕದಲ್ಲಿ ಆ ಗೀಟು ಎಷ್ಟರದು? ಆದರೆ ಕೊಟ್ಟಿಗೆಗೂ ಖಜಾನೆಗೂ ಇರುವ ಅಂತರವೆಲ್ಲ ಅದರಲ್ಲಿದೆ. ಆಕಾರವೆಂದರೆ ಇದೇ. ವಸ್ತುವಿನ ಮೈಯೆಲ್ಲ ಹರಡಿಕೊಂಡಿರುವ ಗುಣವಲ್ಲ ಅದು. ಭಾಗಭಾಗಗಳು ಒಂದಕ್ಕೊಂದು ಹೇಗೆ ನಿಂತಿವೆಯೆಂಬ ಸಂಬಂಧ.

ಎರಡನೆಯ ಬೆಕ್ಕು ಪ್ರಯೋಗಶಾಲೆಯದು. ಡೇವಿಡ್ ಹ್ಯೂಬೆಲ್ ಮತ್ತು ಟೋರ್ಸ್ಟನ್ ವೀಸೆಲ್ ಎಂಬಿಬ್ಬರು ಬೆಕ್ಕಿನ ಮಿದುಳಿನಲ್ಲಿ ದೃಷ್ಟಿಗೆ ಸಂಬಂಧಿಸಿದ ಜೀವಕೋಶಗಳ ಮಿಡಿತವನ್ನು ಆಲಿಸುತ್ತಿದ್ದರು. ಗಾಜಿನ ಫಲಕದ ಮೇಲೆ ಚುಕ್ಕೆಯಿಟ್ಟು ತೋರಿಸಿದರೆ ಕೋಶ ಮಾತಾಡಲೊಲ್ಲದು. ಒಮ್ಮೆ ಫಲಕವನ್ನು ಯಂತ್ರದೊಳಕ್ಕೆ ಸರಿಸುವಾಗ ಅದರ ಅಂಚಿನ ನೆರಳು ಪರದೆಯ ಮೇಲೆ ಹಾಯಿತು; ಕೋಶ ಒಮ್ಮೆಲೆ ಚಟಪಟನೆ ಮಿಡಿಯಿತು. ಅದಕ್ಕೆ ಬೇಕಾಗಿದ್ದುದು ಚುಕ್ಕೆಯಲ್ಲ, ಒಂದು ಗೊತ್ತಾದ ಕೋನದಲ್ಲಿ ಓರೆಯಾಗಿ ನಿಂತ ಗೆರೆ. ೧೯೫೯ರಲ್ಲಿ ಪ್ರಕಟವಾದ ಈ ಶೋಧದ ದಾರಿಯಲ್ಲಿ ಮುಂದುವರಿದ ಅವರಿಬ್ಬರಿಗೂ ೧೯೮೧ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನೋಟ ಗೆರೆಗಳಿಂದ ಆರಂಭವಾಗುತ್ತದೆಂಬುದು ಹೀಗೆ ಸಿದ್ಧವಾಯಿತು. ಆದರೆ ಗೆರೆಗಳಿಂದ ಬೆಕ್ಕಿನವರೆಗೆ ಹೋಗುವ ದಾರಿ ಯಾವುದು?

ಆ ದಾರಿಯ ನಕ್ಷೆಯನ್ನು ಬರೆಯಲೆತ್ನಿಸಿದವರಲ್ಲಿ ಅಗ್ರಗಣ್ಯರು ಡೇವಿಡ್ ಮಾರ್. ಇಂಗ್ಲೆಂಡಿನಲ್ಲಿ ಹುಟ್ಟಿ ಎಂ.ಐ.ಟಿ.ಯಲ್ಲಿ ಕೆಲಸಮಾಡಿದ ಈತ ರಕ್ತದ ಕ್ಯಾನ್ಸರಿನಿಂದ ೧೯೮೦ರಲ್ಲಿ, ತಮ್ಮ ೩೫ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಸಾವು ಸಮೀಪಿಸಿದೆಯೆಂದು ತಿಳಿದೇ ಅವರು ಬರೆದ 'ವಿಷನ್' ಎಂಬ ಗ್ರಂಥ ೧೯೮೨ರಲ್ಲಿ ಹೊರಬಂದಿತು. ಅವರ ವಿಚಾರದ ತಿರುಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ಕಣ್ಣಿಗೆ ಬೀಳುವುದು ಬರಿಯ ಬೆಳಕಿನ ಏರಿಳಿತ. ಅದರಿಂದ ಮೊದಲು ಅಂಚುಗಳ ಒಂದು ಕರಡನ್ನು ತೆಗೆಯಬೇಕು. ಅಂಚುಗಳಿಂದ, ನಮ್ಮೆದುರಿಗಿರುವ ಮೇಲ್ಮೈಗಳು ಎಷ್ಟು ದೂರ, ಯಾವ ಕಡೆಗೆ ಓರೆ ಎಂಬುದನ್ನು ಊಹಿಸಬೇಕು. ಕೊನೆಗೆ, ನೋಡುವವನು ಎಲ್ಲಿ ನಿಂತರೂ ಬದಲಾಗದ ವಸ್ತುವಿನ ನಿಜವಾದ ಆಕಾರವನ್ನು ಕಟ್ಟಬೇಕು. ಕಾಣ್ಕೆಯೆಂದರೆ ಕನ್ನಡಿಯಲ್ಲ, ಕಟ್ಟಡ. ಮೆಟ್ಟಲು ಮೆಟ್ಟಲಾಗಿ ಏಳುವಂತಹುದು.

ಮಾರ್ ಅವರ ನಕ್ಷೆ ಸುಂದರವಾಗಿದ್ದಿತು. ಆದರೆ ಯಂತ್ರಗಳು ಕಡೆಗೆ ಬೇರೆಯ ಹಾದಿ ಹಿಡಿದವು. ಆಕಾರವೆಂದರೇನೆಂದು ಅವಕ್ಕೆ ಯಾರೂ ಪಾಠ ಹೇಳಲಿಲ್ಲ. ರಾಶಿ ರಾಶಿ ಚಿತ್ರಗಳನ್ನು ಹೆಸರಿನೊಡನೆ ಮುಂದೆ ಸುರಿದು, ಕಲಿತುಕೊಳ್ಳಿರೆಂದರು. ಫೇ-ಫೇ ಲೀ ಎಂಬ ವಿದುಷಿಯ ನೇತೃತ್ವದಲ್ಲಿ ೨೦೦೯ರಲ್ಲಿ ಪ್ರಕಟವಾದ 'ಇಮೇಜ್‌ನೆಟ್' ಎಂಬ ಚಿತ್ರಭಂಡಾರ ಮುಂದೆ ಒಂದು ಕೋಟಿ ನಲವತ್ತು ಲಕ್ಷ ಚಿತ್ರಗಳನ್ನು ಮೀರಿ ಬೆಳೆಯಿತು. ಅದರಲ್ಲಿಯ ಒಂದು ಸಾವಿರ ವರ್ಗದ ವಸ್ತುಗಳನ್ನು ಗುರುತಿಸುವ ಪಂದ್ಯ ವರ್ಷವರ್ಷವೂ ನಡೆಯುತ್ತಿತ್ತು. ೨೦೧೨ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ಮೂವರು, ಕ್ರಿಜೆವ್‌ಸ್ಕಿ, ಸಟ್ಸ್‌ಕೇವರ್, ಹಿಂಟನ್, ನರಜಾಲದ ಮಾದರಿಯಲ್ಲಿ ಕಟ್ಟಿದ ಯಂತ್ರ ಉಳಿದವರನ್ನು ಬಹುದೂರ ಹಿಂದೆ ಹಾಕಿತು. ಎರಡನೆಯವರ ತಪ್ಪು ನೂರಕ್ಕೆ ೨೬ರಷ್ಟಿದ್ದರೆ ಇವರದು ೧೫ರ ಆಸುಪಾಸು. ಇಂದು ಮೊಗಸಾಲೆಯ ಗೋಡೆಯಿಂದ ಹಿಡಿದು ವಿಮಾನ ನಿಲ್ದಾಣದ ಬಾಗಿಲವರೆಗೆ ನಮ್ಮನ್ನು ದಿಟ್ಟಿಸುವ ಯಂತ್ರನೇತ್ರಗಳೆಲ್ಲ ಹೆಚ್ಚು ಕಡಿಮೆ ಆ ಗೆಲುವಿನ ಸಂತಾನ.

ಗೆದ್ದುದೇನೋ ನಿಜ, ಆದರೆ ಆ ಯಂತ್ರ ಕಲಿತದ್ದು ಏನನ್ನು? ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ರಾಬರ್ಟ್ ಗೈರ್‌ಹೋಸ್ ಎಂಬ ತರುಣ ಸಂಶೋಧಕರೂ ಅವರ ಸಂಗಡಿಗರೂ ಇದನ್ನು ಪರೀಕ್ಷಿಸಲು ಒಂದು ಉಪಾಯ ಹೂಡಿದರು. ಇಲ್ಲಿಯೇ ನಮ್ಮ ಮೂರನೆಯ ಬೆಕ್ಕು. ಅವರು ಬೆಕ್ಕಿನ ಭಾವಚಿತ್ರಕ್ಕೆ ಆನೆಯ ಚರ್ಮವನ್ನು ಹೊದಿಸಿದರು. ಕಿವಿ, ಮೂತಿ, ಮುಖದ ಅಂಚು ಎಲ್ಲವೂ ಬೆಕ್ಕಿನವು. ಮೈ ಮಾತ್ರ ಆನೆಯ ಬೂದುಬಣ್ಣದ ಸುಕ್ಕು. ಮನುಷ್ಯರಿಗೆ ತೋರಿಸಿದರೆ, 'ಇದೆಂಥ ವಿಚಿತ್ರ ಬೆಕ್ಕು!' ಎಂದಾರು. ಯಂತ್ರ ಹೇಳಿದುದು: 'ಭಾರತದ ಆನೆ.' ಇಂತಹ ಬೆರಕೆಯ ಅನೇಕ ಚಿತ್ರಗಳನ್ನು ತೋರಿಸಿ ಲೆಕ್ಕ ಹಾಕಿದಾಗ, ಆಕಾರ ಅಥವಾ ಚರ್ಮ ಎರಡರಲ್ಲೊಂದನ್ನು ಹಿಡಿದು ಕೊಟ್ಟ ಉತ್ತರಗಳ ಪೈಕಿ ಮನುಷ್ಯರು ನೂರಕ್ಕೆ ೯೫ಕ್ಕಿಂತ ಹೆಚ್ಚು ಸಲ ಆಕಾರವನ್ನೇ ಹಿಡಿದಿದ್ದರು. ಅಂದಿನ ಹೆಸರಾಂತ ಯಂತ್ರವೊಂದು ನೂರಕ್ಕೆ ೨೨ ಸಲ ಮಾತ್ರ. ೨೦೧೮ರ ಕೊನೆಗೆ ಪ್ರಕಟವಾಗಿ ೨೦೧೯ರಲ್ಲಿ ವಿದ್ವತ್ ಸಮ್ಮೇಳನದಲ್ಲಿ ಮಂಡಿತವಾದ ಈ ಫಲಿತಾಂಶ ಹಲವರ ಮಧ್ಯಾಹ್ನದ ನಿದ್ದೆಯನ್ನು ಕೆಡಿಸಿತು. ಲಕ್ಷಗಟ್ಟಲೆ ಚಿತ್ರಗಳನ್ನು ಕಂಡಿದೆಯೆಂದು ನಾವು ನಂಬಿದ್ದ ಯಂತ್ರ ನಿಜವಾಗಿ ಸವರಿದ್ದುದು ಬರಿಯ ತೊಗಲನ್ನು.

ಪಂಚತಂತ್ರವನ್ನು ಓದಿದವರಿಗೆ ಇದು ಪರಿಚಿತವಾದ ಕಥೆ. ಹುಲಿಯ ಚರ್ಮ ಹೊದ್ದ ಕತ್ತೆ ಹೊಲವನ್ನು ಮೇಯುತ್ತದೆ. ಕಾವಲುಗಾರರು ದೂರದಿಂದ ಪಟ್ಟೆಗಳನ್ನು ಕಂಡು ಹೆದರಿ ಓಡುತ್ತಾರೆ. ಅವರು ಆಕಾರವನ್ನು ನೋಡಲಿಲ್ಲ. ಉದ್ದ ಕಿವಿ, ಗೊರಸು, ಮೇಯುವ ಭಂಗಿ, ಯಾವುದೂ ಅವರಿಗೆ ಕಾಣಲಿಲ್ಲ. ಕಡೆಗೆ ಕತ್ತೆ ಕೂಗಿಕೊಂಡಾಗ ಅವರ ಕಣ್ಣು ತೆರೆಯಿತು. ಈ ಕಥೆಯನ್ನು ಕತ್ತೆಯ ಮೂರ್ಖತನದ ದೃಷ್ಟಾಂತವೆಂದು ನಾವು ಹೇಳಿಕೊಂಡು ಬಂದಿದ್ದೇವೆ. ಕಾವಲುಗಾರರ ಕಣ್ಣಿನ ದೃಷ್ಟಾಂತವಾಗಿಯೂ ಇದನ್ನು ಓದಬಹುದೆಂದು ನನಗೆ ಈಗ ತೋರುತ್ತದೆ. ಅವರ ಕಣ್ಣು ತಪ್ಪಿತು. ಆದರೆ ಅವರಿಗೆ ಕಿವಿಯಿತ್ತು.

ಎಳೆಯ ಮಕ್ಕಳು ಈ ವಿಷಯದಲ್ಲಿ ಕಾವಲುಗಾರರಿಗಿಂತ ಜಾಣರು. ಬಾರ್ಬರಾ ಲ್ಯಾಂಡೌ, ಲಿಂಡಾ ಸ್ಮಿತ್, ಸೂಸನ್ ಜೋನ್ಸ್ ಎಂಬವರು ೧೯೮೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಮೂರು ವರ್ಷದ ಮಕ್ಕಳಿಗೆ ಹಿಂದೆ ಕಂಡಿರದ ವಸ್ತುವೊಂದನ್ನು ತೋರಿಸಿ, ಅದಕ್ಕೊಂದು ಕಟ್ಟುಹೆಸರು ಹೇಳಿಕೊಟ್ಟರು. ಆಮೇಲೆ ಗಾತ್ರ ಬೇರೆಯಾದ, ಮೈಯ ನವುರು ಬೇರೆಯಾದ, ಆಕಾರ ಬೇರೆಯಾದ ವಸ್ತುಗಳನ್ನು ಮುಂದಿಟ್ಟು, ಅದೇ ಹೆಸರು ಯಾವುದಕ್ಕೆ ಸಲ್ಲುತ್ತದೆಂದು ಕೇಳಿದರು. ಮಕ್ಕಳು ಹೆಚ್ಚಾಗಿ ಆಕಾರವನ್ನೇ ಅನುಸರಿಸಿದರು. ಹೆಸರಿಡುವ ಕೆಲಸಕ್ಕೂ ಆಕಾರ ಕಾಣುವ ಕೆಲಸಕ್ಕೂ ಇಷ್ಟು ಹತ್ತಿರದ ನಂಟು. ಭಾಷೆಯನ್ನು ನೆಚ್ಚಿ ಬದುಕುವ ನಮ್ಮಂಥವರು ಇದನ್ನು ನೆನಪಿಡಬೇಕು.

ಇಷ್ಟನ್ನೇ ಹೇಳಿ ಯಂತ್ರ ದಡ್ಡ, ಮನುಷ್ಯ ಜಾಣ ಎಂದು ಮುಗಿಸಿದರೆ ವಾಚಕರಿಗೆ ಸಮಾಧಾನವಾದೀತು. ಆದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಟ್ಯೂಬಿಂಗನ್ನಿನವರು ತಪ್ಪನ್ನು ತೋರಿಸಿ ಸುಮ್ಮನಾಗಲಿಲ್ಲ. ಚಿತ್ರಗಳಿಗೆಲ್ಲ ವರ್ಣಚಿತ್ರಕಾರರ ಕುಂಚದ ಶೈಲಿಗಳನ್ನು ಬಳಿದು, ಚರ್ಮವನ್ನು ನಂಬಲಾಗದಂತೆ ಮಾಡಿ, ಅದೇ ಯಂತ್ರಕ್ಕೆ ಮತ್ತೆ ಪಾಠ ಹೇಳಿದರು. ಈಗ ಅದು ನೂರಕ್ಕೆ ೮೧ ಸಲ ಆಕಾರವನ್ನು ಹಿಡಿಯಿತು. ಕೆಟ್ಟ ಚಿತ್ರಗಳನ್ನು ಗುರುತಿಸುವುದರಲ್ಲಿಯೂ ಬಹುಮಟ್ಟಿಗೆ ಮೊದಲಿಗಿಂತ ಗಟ್ಟಿಯಾಯಿತು. ೨೦೨೩ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ವರ್ಣಿಸಿದ ಬೃಹತ್ ಯಂತ್ರವೊಂದರಲ್ಲಿ ಈ ಪ್ರಮಾಣ ೮೭ಕ್ಕೆ ಏರಿತ್ತು. ಯಂತ್ರ ಕಲಿಯಲಾರದೆಂಬ ಮಾತು ಹಾಗಾದರೆ ನಿಲ್ಲುವುದಿಲ್ಲ. ತಪ್ಪನ್ನು ಯಾರಾದರೂ ಎತ್ತಿ ತೋರಿಸಿ ತಿದ್ದಿದರೆ ಅದು ಕಲಿಯುತ್ತದೆ. ಮುಖ್ಯವಾದುದು ಈ 'ಯಾರಾದರೂ' ಎಂಬ ಪದ.

ಮನುಷ್ಯನ ಕಣ್ಣಾದರೂ ಹುಟ್ಟಿದಂದೇ ಪಂಡಿತನಾಗಿ ಬಂದುದಲ್ಲ. ೧೬೮೮ರಲ್ಲಿ ಡಬ್ಲಿನ್ನಿನ ವಿಲಿಯಂ ಮಾಲಿನೋ ಎಂಬ ವಿದ್ವಾಂಸ ತತ್ತ್ವಜ್ಞಾನಿ ಜಾನ್ ಲಾಕ್‌ನಿಗೆ ಒಂದು ಪ್ರಶ್ನೆ ಕಳುಹಿಸಿದ. ಆತನ ಹೆಂಡತಿಗೆ ಕಣ್ಣು ಕಾಣುತ್ತಿರಲಿಲ್ಲ. ಹುಟ್ಟುಗುರುಡನೊಬ್ಬ ಗೋಲವನ್ನೂ ಘನಚೌಕವನ್ನೂ ಮುಟ್ಟಿ ಬಲ್ಲ. ಅವನಿಗೆ ಒಮ್ಮೆಲೆ ದೃಷ್ಟಿ ಬಂದರೆ, ಮುಟ್ಟದೆ, ನೋಡಿದ ಮಾತ್ರದಿಂದ ಗೋಲ ಯಾವುದೆಂದು ಹೇಳಬಲ್ಲನೆ? ಮೂರು ಶತಮಾನಗಳು ಪಂಡಿತರು ಇದನ್ನು ಚರ್ಚಿಸಿದರು. ಉತ್ತರಕ್ಕೆ ಪ್ರಯೋಗದ ಗಟ್ಟಿ ಆಧಾರ ದೊರೆತುದು ನಮ್ಮ ದೇಶದಲ್ಲಿ.

ದೆಹಲಿಯ ಐ.ಐ.ಟಿ.ಯಲ್ಲಿ ಓದಿ ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿರುವ ಪವನ್ ಸಿನ್ಹಾ ಅವರು ಈ ಶತಮಾನದ ಮೊದಲ ದಶಕದಲ್ಲಿ 'ಪ್ರಕಾಶ್' ಎಂಬ ಯೋಜನೆಯನ್ನು ಆರಂಭಿಸಿದರು. ಉತ್ತರ ಭಾರತದ ಹಳ್ಳಿಗಳಲ್ಲಿ, ಚಿಕಿತ್ಸೆಯಿಂದ ಗುಣವಾಗಬಹುದಾದರೂ ಬಡತನದಿಂದ ಕುರುಡಾಗಿಯೇ ಉಳಿದ ಮಕ್ಕಳನ್ನು ಹುಡುಕಿ ಶಸ್ತ್ರಚಿಕಿತ್ಸೆ ಮಾಡಿಸುವುದು, ದೃಷ್ಟಿ ಬಂದ ಮೇಲೆ ಅವರು ಕಾಣಲು ಕಲಿಯುವ ಬಗೆಯನ್ನು ಅಭ್ಯಸಿಸುವುದು. ದಯೆಯೂ ವಿದ್ಯೆಯೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ನಡೆದ ಕೆಲಸ ಇದು. ೨೦೧೧ರಲ್ಲಿ ಅವರೂ ಸಹೋದ್ಯೋಗಿಗಳೂ ಪ್ರಕಟಿಸಿದ ಪ್ರಬಂಧದಲ್ಲಿ ೮ರಿಂದ ೧೭ ವರ್ಷದೊಳಗಿನ ಐವರು ಮಕ್ಕಳ ವೃತ್ತಾಂತವಿದೆ. ಕೈಯಿಂದ ಮುಟ್ಟಿದ ಆಕಾರವನ್ನು ಕಣ್ಣಿಂದ ಆರಿಸಿರೆಂದರೆ, ಕಟ್ಟು ಬಿಚ್ಚಿದ ಹೊಸದರಲ್ಲಿ ಅವರ ಉತ್ತರ ಬರಿಯ ಊಹೆಗಿಂತ ಹೆಚ್ಚೇನೂ ಮೇಲಿರಲಿಲ್ಲ. ಮಾಲಿನೋನ ಪ್ರಶ್ನೆಗೆ ಉತ್ತರ 'ಇಲ್ಲ' ಎಂದಾಯಿತು. ಆದರೆ ಕೆಲವೇ ದಿನಗಳಲ್ಲಿ ಅದೇ ಮಕ್ಕಳು, ಯಾರೂ ಪಾಠ ಹೇಳದೆಯೇ, ಬಹುಮಟ್ಟಿಗೆ ಸರಿಯಾಗಿ ಆರಿಸತೊಡಗಿದರು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಹೃದ್ಯವೆನಿಸಿತು. ದೃಷ್ಟಿ ಹೊಸದಾಗಿ ಬಂದವರಿಗೆ ಒಂದರ ಮೇಲೊಂದು ಬಿದ್ದ ವೃತ್ತವನ್ನೂ ಚೌಕವನ್ನೂ ತೋರಿಸಿದರೆ ಅವರಿಗೆ ಎರಡು ಆಕಾರಗಳು ಕಾಣುವುದಿಲ್ಲ. ಗೆರೆಗಳು ತುಂಡರಿಸಿದ ಚೂರುಗಳೆಲ್ಲ ಬೇರೆಬೇರೆ ವಸ್ತುಗಳಾಗಿ ಕಾಣುತ್ತವೆ. ಲೋಕ ಅವರಿಗೆ ಒಡೆದ ಬಳೆಯ ಚೂರುಗಳ ರಾಶಿ. ಆದರೆ ಆಕಾರಗಳಲ್ಲೊಂದು ಚಲಿಸತೊಡಗಿದರೆ, ಜೊತೆಯಾಗಿ ಸರಿಯುವ ಚೂರುಗಳು ಒಂದೇ ವಸ್ತುವೆಂದು ಅವರಿಗೆ ಹೊಳೆಯುತ್ತದೆ. ೨೦೦೯ರಲ್ಲಿ ಪ್ರಕಟವಾದ ಈ ಶೋಧದ ಅರ್ಥ ನಾನು ತಿಳಿದಂತೆ ಇದು: ಜಗತ್ತು ಅಲುಗಿ ನಮ್ಮನ್ನು ತಿದ್ದುತ್ತದೆ. ನಾವೂ ಅಲುಗಾಡಿ, ಬಗ್ಗಿ, ಹತ್ತಿರ ಹೋಗಿ, ಮುಟ್ಟಿ ನೋಡಿ ತಿದ್ದಿಕೊಳ್ಳುತ್ತೇವೆ. ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ಕಂಡವನ ದೃಷ್ಟಾಂತವನ್ನು ವೇದಾಂತಿಗಳು ಎಷ್ಟು ಸಲ ಹೇಳಿದ್ದಾರೆ! ಅದರಲ್ಲಿ ಹೆದರಿದವನ ತಪ್ಪಿಗಿಂತ ದೀಪ ತಂದವನ ಉಪಕಾರ ದೊಡ್ಡದು. ತಪ್ಪದ ಕಣ್ಣು ಈ ಲೋಕದಲ್ಲಿಲ್ಲ. ತಿದ್ದಿಸಿಕೊಳ್ಳುವ ಕಣ್ಣು, ತಿದ್ದಿಸಿಕೊಳ್ಳದ ಕಣ್ಣು ಎಂಬ ಎರಡೇ ಜಾತಿ.

ಈ ಭೇದವನ್ನು ಮರೆತಾಗಲೇ ಅನ್ಯಾಯ ಆರಂಭವಾಗುತ್ತದೆ. ಎಂ.ಐ.ಟಿ.ಯ ವಿದ್ಯಾರ್ಥಿನಿಯಾಗಿದ್ದ ಜಾಯ್ ಬುವೊಲಂವೀನಿ ಎಂಬ ಕಪ್ಪುವರ್ಣದ ತರುಣಿಯ ಮುಖವನ್ನು ಒಂದು ಯಂತ್ರ ಮುಖವೆಂದೇ ಗುರುತಿಸಲಿಲ್ಲ. ಆಕೆ ಬಿಳಿಯ ಮುಖವಾಡ ತೊಟ್ಟಾಗ ಕೂಡಲೆ ಗುರುತಿಸಿತು. ಇದರಿಂದ ಎಚ್ಚೆತ್ತ ಆಕೆ ಟಿಮ್ನಿಟ್ ಗೆಬ್ರು ಅವರೊಡನೆ ೨೦೧೮ರಲ್ಲಿ ಮೂರು ಕಂಪೆನಿಗಳ ಯಂತ್ರಗಳನ್ನು ಪರೀಕ್ಷಿಸಿದರು. ಮುಖ ನೋಡಿ ಗಂಡು, ಹೆಣ್ಣು ಎಂದು ಹೇಳುವಷ್ಟು ಸರಳವಾದ ಕೆಲಸ. ಬಿಳಿಯ ಗಂಡಸರ ವಿಷಯದಲ್ಲಿ ತಪ್ಪು ನೂರಕ್ಕೆ ಒಂದಕ್ಕಿಂತ ಕಡಿಮೆ. ಕಪ್ಪು ಹೆಂಗಸರ ವಿಷಯದಲ್ಲಿ ಒಂದು ಯಂತ್ರದ ತಪ್ಪು ನೂರಕ್ಕೆ ೩೪ನ್ನು ಮೀರಿತ್ತು. ಫಲಿತಾಂಶ ಪ್ರಕಟವಾದ ಮೇಲೆ ಕಂಪೆನಿಗಳು ತಿದ್ದಿಕೊಂಡವು. ಮರುವರ್ಷದ ಪರೀಕ್ಷೆಯಲ್ಲಿ ತಪ್ಪುಗಳು ಬಹಳ ಇಳಿದಿದ್ದವು. ಇಲ್ಲಿಯೂ ಒಬ್ಬರು ಎದ್ದು ನಿಂತು, 'ನನ್ನನ್ನು ನೀವು ಕಾಣುತ್ತಿಲ್ಲ' ಎಂದು ಹೇಳಬೇಕಾಯಿತು.

ಹಾಗೆ ಹೇಳಲು ಅವಕಾಶವೇ ಇಲ್ಲದ ಕಡೆ ಏನಾಗುತ್ತದೆ? ೨೦೨೦ರ ಜನವರಿಯಲ್ಲಿ ಅಮೆರಿಕದ ಡೆಟ್ರಾಯ್ಟ್ ನಗರದ ಪೊಲೀಸರು ಕಪ್ಪುಜನಾಂಗದ ಒಬ್ಬ ಗೃಹಸ್ಥನನ್ನು ಹೆಂಡತಿ ಮಕ್ಕಳ ಕಣ್ಣೆದುರಿಗೆ ಬಂಧಿಸಿದರು. ಅಂಗಡಿಯೊಂದರಲ್ಲಿ ಗಡಿಯಾರಗಳನ್ನು ಕದ್ದವನ ಮಸುಕು ಚಿತ್ರಕ್ಕೆ ಯಂತ್ರ ಈತನ ಹಳೆಯ ಚಾಲನಪತ್ರದ ಚಿತ್ರವನ್ನು ಹೊಂದಿಸಿತ್ತು. ಠಾಣೆಯಲ್ಲಿ ಆತ ಆ ಚಿತ್ರವನ್ನು ತನ್ನ ಮುಖದ ಪಕ್ಕಕ್ಕೆ ಹಿಡಿದು, ತಾನಲ್ಲವೆಂದು ತೋರಿಸಿದ. ಆದರೂ ಸುಮಾರು ಮೂವತ್ತು ಗಂಟೆ ಸೆರೆಯಲ್ಲಿರಬೇಕಾಯಿತು. ಆತ ಹೂಡಿದ ದಾವೆ ೨೦೨೪ರಲ್ಲಿ ರಾಜಿಯಲ್ಲಿ ಮುಗಿಯಿತು. ಯಂತ್ರದ ಹೊಂದಿಕೆಯೊಂದನ್ನೇ ಆಧಾರವಾಗಿ ಹಿಡಿದು ಯಾರನ್ನೂ ಬಂಧಿಸಕೂಡದೆಂದು ಆ ನಗರದ ಪೊಲೀಸರು ಒಪ್ಪಿಕೊಂಡರು. ಒಂದು ನಗರ ಇಷ್ಟು ಸಣ್ಣ ವಿವೇಕವನ್ನು ಕಲಿಯಲು ನಾಲ್ಕು ವರ್ಷಗಳು ಬೇಕಾದವು.

ಇದು ಪರದೇಶದ ಸುದ್ದಿಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ೨೦೨೨ರ ಡಿಸೆಂಬರಿನಿಂದ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮುಖ ತೋರಿಸಿ ಒಳಹೋಗುವ 'ಡಿಜಿ ಯಾತ್ರಾ' ವ್ಯವಸ್ಥೆ ಬಂದಿದೆ. ಅಲ್ಲಿ ಮುಖ ತೋರಿಸಲೊಲ್ಲದವರಿಗೆ ಕಾಗದ ತೋರಿಸುವ ದಾರಿಯೂ ಇದೆ, ಇದು ಒಳ್ಳೆಯದು. ಬಾಗಿಲಿಗೆ ಕದ ಎರಡಿರಬೇಕು.

ನಮ್ಮ ಲಿಪಿಯ ಅನುಭವವೂ ಇದೇ ಪಾಠವನ್ನು ಹೇಳುತ್ತದೆ. ೨೦೦೯ರಲ್ಲಿ ಬೆಂಗಳೂರಿನ ಬೀದಿಗಳ ಅಂಗಡಿ ಹಲಗೆಗಳಿಂದ ಅಕ್ಷರಗಳ ಚಿತ್ರಗಳನ್ನು ಸಂಗ್ರಹಿಸಿ ಯಂತ್ರಕ್ಕೆ ಓದಿಸಲೆತ್ನಿಸಿದ ಸಂಶೋಧಕರಿಗೆ, ಇಂಗ್ಲಿಷಿನ ಅಕ್ಷರಾಂಕಗಳು ಅರುವತ್ತೆರಡಕ್ಕೆ ಮುಗಿದರೆ ಕನ್ನಡದವು ಕಾಗುಣಿತ ಒತ್ತಕ್ಷರಗಳೆಲ್ಲ ಸೇರಿ ಆರುನೂರೈವತ್ತನ್ನು ಮೀರಿದವು. ೨೦೧೯ರಲ್ಲಿ ವಿನಯ್ ಪ್ರಭು ಎಂಬವರು ಕೈಬರಹದ ಕನ್ನಡ ಅಂಕಿಗಳ ಎಪ್ಪತ್ತು ಸಾವಿರ ಚಿತ್ರಗಳ ಸಂಗ್ರಹವೊಂದನ್ನು ಲೋಕಕ್ಕೆ ಉಚಿತವಾಗಿ ಕೊಟ್ಟರು. ಬೆಂಗಳೂರಿನ ಕನ್ನಡಿಗರ ಕೈಬರಹ ಅದು. ಅದರಲ್ಲಿ ಪಳಗಿದ ಯಂತ್ರಕ್ಕೆ, ಕನ್ನಡದ ಅಂಕಿಗಳನ್ನು ಬಳಸಿ ರೂಢಿಯಿಲ್ಲದವರು ಅಮೆರಿಕದಲ್ಲಿ ಬರೆದ ಅವೇ ಅಂಕಿಗಳನ್ನು ತೋರಿಸಿದಾಗ ಅದರ ಜಾಣತನ ಬಹಳ ಕುಗ್ಗಿತು. ೩, ೭ 'ಮೂರು', 'ಏಳು' ಎಂದು ಬರೆದ ಕೈ ಬದಲಾದರೆ ಯಂತ್ರಕ್ಕೆ ಊರೇ ಬದಲಾದಂತೆ. ಒಂದನೆಯ ತರಗತಿಯ ಮೇಷ್ಟರು ನಲವತ್ತು ಮಕ್ಕಳ ನಲವತ್ತು ಬಗೆಯ ಅಂಕಿಗಳನ್ನು ದಿನವೂ ಓದುತ್ತಾರೆ, ಓದಲಾಗದಿದ್ದರೆ, "ಇದೇನೋ ಬರೆದಿದ್ದೀಯ?" ಎಂದು ಮಗುವನ್ನೇ ಕೇಳುತ್ತಾರೆ. ಈ ಕೇಳುವಿಕೆಯೇ ಮೇಷ್ಟರ ಕಣ್ಣಿನ ಮುಕ್ಕಾಲು ಪಾಲು.

ಕಡೆಯದಾಗಿ, ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮೊದಲ ವರ್ಷದಲ್ಲಿ ಸುಮಾರು ಒಂದು ತಿಂಗಳು ಆ ಹುಡುಗಿಯನ್ನು ನಾನು ಬೇರೆಯವಳ ಹೆಸರಿನಿಂದ ಕರೆಯುತ್ತಿದ್ದೆ. ಇಬ್ಬರೂ ಒಂದೇ ವಿದ್ಯಾರ್ಥಿನಿಲಯದವರು, ಇಬ್ಬರಿಗೂ ಒಂದೇ ಬಗೆಯ ಬಟ್ಟೆ, ಇಬ್ಬರೂ ಕಪ್ಪು. ನಾನು ನೋಡಿದ್ದುದು ಬಟ್ಟೆಯನ್ನು, ಬಣ್ಣವನ್ನು, ಅಂದರೆ ಚರ್ಮವನ್ನು. ಒಂದು ದಿನ ಆಕೆ ಎದ್ದು ನಿಂತು, "ಸರ್, ಅವಳು ನಾನಲ್ಲ" ಎಂದಳು. ತರಗತಿ ನಕ್ಕಿತು. ನನಗೆ ನಾಚಿಕೆಯಾಯಿತು, ಕ್ಷಮೆ ಕೇಳಿದೆ. ಅಂದಿನಿಂದ ನಾನು ಆ ಹುಡುಗಿಯನ್ನು ಕಂಡೆ. ಈಗ ಮೈದಾನದ ಆಚೆ ತುದಿಯಲ್ಲಿ, ಮುಖ ಕಾಣದಷ್ಟು ದೂರದಲ್ಲಿ ನಡೆದುಹೋಗುತ್ತಿದ್ದರೂ, ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸುವ ರೀತಿಯಿಂದಲೇ ಆಕೆಯೆಂದು ಬಲ್ಲೆ. ಗೋಡೆಯ ಮೇಲಿನ ಯಂತ್ರಕ್ಕೂ ನನಗೂ ತಪ್ಪಿನಲ್ಲಿ ಭೇದವಿಲ್ಲ. ನನಗೆ ಆಕೆ ಹೇಳಬಹುದಾಗಿತ್ತು, ಅದಕ್ಕೆ ಹೇಳುವಂತಿರಲಿಲ್ಲ. ಭೇದ ಇಷ್ಟೆ.

ಹಳೆಯ ಅಭ್ಯಾಸ ಬಿಡಲಾರದೆ ನಾನು ಒಂದು ಸಣ್ಣ ಪುಸ್ತಕದಲ್ಲಿ ದಿನದಿನದ ಹಾಜರಿಯನ್ನು ಗುರುತುಹಾಕಿಕೊಂಡು ಬಂದಿದ್ದೆ. ಅದನ್ನು ತೋರಿಸಿ, ಬರೆದು ಸಹಿಮಾಡಿಕೊಟ್ಟೆ. ಪ್ರಾಂಶುಪಾಲರು ಒಪ್ಪಿದರು, ಹುಡುಗಿ ಪರೀಕ್ಷೆಗೆ ಕುಳಿತಳು. ಆದರೆ ನನ್ನ ಆ ಪುಸ್ತಕ ಇಲ್ಲದಿದ್ದರೆ? ಮುಂದಿನ ವರ್ಷ, ಐದು ನಿಮಿಷದ ಆಸೆಗೆ, ನಾನೂ ಅದನ್ನು ಬರೆಯುವುದನ್ನು ಬಿಟ್ಟುಬಿಟ್ಟರೆ? ಯಂತ್ರವನ್ನು ಗೋಡೆಯಿಂದ ಕಿತ್ತುಹಾಕಿರೆಂದು ನಾನು ಹೇಳಲಾರೆ. ಅದರ ಪಕ್ಕದಲ್ಲಿ ಒಂದು ಕುರ್ಚಿ ಹಾಕಿ, ಕೆಂಪು ದೀಪ ಹತ್ತಿದವರು ಬಂದು, 'ನಾನೇ ಅವಳು' ಎಂದು ಹೇಳಿದರೆ ತಲೆಯೆತ್ತಿ ನೋಡಿ ಬರೆದುಕೊಳ್ಳುವ ಒಬ್ಬ ಮನುಷ್ಯನನ್ನು ಕೂರಿಸಿರೆಂದು ನಮ್ಮ ಕಾಲೇಜಿಗೆ ಬರೆದುಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಹೆಸರು ಕೂಗುವ ಐದು ನಿಮಿಷವನ್ನು ನಾನು ಮತ್ತೆ ಆರಂಭಿಸಿದ್ದೇನೆ. ಒಂದು ಪದ್ಯ ಕಡಿಮೆಯಾದರೂ ಚಿಂತೆಯಿಲ್ಲ.